ಹಳೇ ಜೀಪಿನ ಬೆಲೆ ನೆಲಕ್ಕೆ ಮಲಗಿ ನೋಡಬೇಕು

(ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಭಾನುವಾರ ಬೆಳಗ್ಗೆ ಹಳೇ ಜೀಪು, ಮಾರುತಿ ಜಿಪ್ಸಿ ಇಟ್ಟುಕೊಂಡವರೆಲ್ಲ ಸೇರಿದ್ದಾಗ ಆಡಿದ ಮಾತು. ಮಾತಾಡುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹೇಳಿದ ಹಾಗೇ ಇದೆ.)

ನಮಸ್ಕಾರ. ಈಗ ಹೊರಗೆ ಚಹಾ ಕುಡಿಯುತ್ತ ನಿಂತಿದ್ದಾಗ ನಾಲ್ಕು ಮಂದಿ ಒಂದೇ ಪ್ರಶ್ನೆ ಕೇಳಿದರು: "ಸರ್, ನಮ್ಮ ಗಾಡಿ ಎಷ್ಟಕ್ಕ ಹೋದೀತ್ರಿ?" ನಾಲ್ವರಿಗೂ "ಒಳಗ ಬರ್ರಿ, ಹೇಳ್ತೀನಿ" ಅಂದೆ. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ನಾನು ಮಿಸ್ತ್ರಿ ಅಲ್ಲ, ದಲಾಲಿಯೂ ಅಲ್ಲ. ಅಪಘಾತವಾದ ಗಾಡಿ ನೋಡಿ ನಷ್ಟ ಎಷ್ಟು ಎಂದು ಇನ್ಶೂರೆನ್ಸ್ ಕಂಪನಿಗೆ ಬರೆದುಕೊಡುವ ಸರ್ವೇಯರ್ ಆಗಿ ಮೂವತ್ತು ವರ್ಷ ತೆಗೆದವನು. ನಮ್ಮ ಕೆಲಸದಲ್ಲಿ ಒಂದು ಕೋಷ್ಟಕ ಇದೆ. ಗಾಡಿ ಶೋರೂಮಿನಿಂದ ಹೊರಬಿದ್ದ ಆರು ತಿಂಗಳೊಳಗೆ ಅದರ ಬೆಲೆಯಲ್ಲಿ ಶೇ. 5 ಕಳೆಯಬೇಕು. ವರ್ಷದೊಳಗೆ ಶೇ. 15. ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಅಲ್ಲಿಗೆ ಕೋಷ್ಟಕ ಮುಗಿಯಿತು. ಐದು ವರ್ಷ ದಾಟಿದ ಗಾಡಿಗೆ ಕಂಪನಿಯವರೂ ಮಾಲೀಕರೂ ಕೂತು ಮಾತಾಡಿ ಒಪ್ಪಿಕೊಂಡದ್ದೇ ಬೆಲೆ. ಹೊರಗೆ ನಿಂತಿರುವ ನಿಮ್ಮ ಗಾಡಿಗಳ ಪೈಕಿ ತೀರಾ ಚಿಕ್ಕದಕ್ಕೂ ಇಪ್ಪತ್ತು ವರ್ಷ. ಕೋಷ್ಟಕ ಕೈಬಿಟ್ಟ ಗಾಡಿಗಳಿವು. ಕೆಲವು ನಾಲ್ಕೈದು ವರ್ಷದಿಂದ ಈಚೆಗೆ ಬೆಲೆ ಇಳಿಸಿಕೊಳ್ಳುವ ಬದಲು ಏರಿಸಿಕೊಂಡಿವೆ. ಹಾಗಾದರೆ ಯಾವುದನ್ನು ಹಿಡಿದು ಬೆಲೆ ಕಟ್ಟುವುದು?

ನಾನು ಹಿಡಿದುಕೊಂಡ ಲೆಕ್ಕ ಹೀಗಿದೆ. ಗಾಡಿಯಲ್ಲಿ ಬಿಚ್ಚಿ ಬೇರೆಯದನ್ನು ಹಾಕಬಹುದಾದದ್ದು ಏನೇನಿದೆಯೋ ಅದಕ್ಕೆ ಕೊನೆಗೆ ಬೆಲೆ ಕಟ್ಟುತ್ತೇನೆ. ಬಿಚ್ಚಲಾಗದ್ದಕ್ಕೆ ಮೊದಲು ಕಟ್ಟುತ್ತೇನೆ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಹೊಸ ಟೈರು ನೋಡುತ್ತಾರೆ, ಮುಂದೆ ಕಟ್ಟಿದ ವಿಂಚ್ ನೋಡುತ್ತಾರೆ, ಸೀಟಿನ ಕೆಂಪು ರೆಗ್ಜಿನ್ ನೋಡುತ್ತಾರೆ, ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳಿ ತಲೆಯಾಡಿಸುತ್ತಾರೆ. ಎಂಜಿನ್ ಅಂದರೆ ಬೆಳಗಾವಿಯಲ್ಲಿ ಏನು ದೊಡ್ಡದು? ಉದ್ಯಮಬಾಗಕ್ಕೆ ಹಳೇ ತುಂಡು ಒಯ್ದರೆ ಲೇತ್ ಮೇಲೆ ಹೊಸದನ್ನು ತಿರುವಿ ಕೊಡುತ್ತಾರೆ. ಎರಕ ಹೊಯ್ಯುವ ಫೌಂಡ್ರಿಗಳ ಊರು ಇದು. ಗೇರ್‌ಬಾಕ್ಸ್ ಸಿಗುತ್ತದೆ, ಹೌಸಿಂಗ್ ಸಿಗುತ್ತದೆ, ಜೀಪಿನ ಪೂರ್ತಿ ಬಾಡಿ ಪತ್ರಾ ಅಂದರೆ ತಗಡು ಬಡಿದು ಮಾಡಿಕೊಡುವವರು ಸಿಗುತ್ತಾರೆ. ಗಾಡಿಗೆ ಬುನಾದಿಯಾದ ಕಬ್ಬಿಣದ ಚೌಕಟ್ಟು ಅಂದರೆ ಚೆಸ್ಸಿ, ಅದರ ಮೇಲೆ ಒತ್ತಿದ ನಂಬರು, ಆ ನಂಬರಿಗೆ ಹೊಂದುವ ಕಾಗದ, ಈ ಮೂರು ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಚೆಸ್ಸಿಯಿಂದಲೇ ಶುರು ಮಾಡೋಣ.

ನಾನು ಜೀಪು ನೋಡಲು ಹೋಗುವಾಗ ಒಂದು ಗೋಣಿಚೀಲ, ಒಂದು ಟಾರ್ಚು, ಕಾಲು ಕಿಲೋ ತೂಕದ ಸುತ್ತಿಗೆ, ಡೀಸೆಲ್‌ನಲ್ಲಿ ಅದ್ದಿದ ಒಂದು ಹಳೇ ಅರಿವೆ, ಪೆನ್ಸಿಲ್ಲು, ತೆಳು ಕಾಗದ ಒಯ್ಯುತ್ತೇನೆ. ಮಾಲೀಕರು ಬಾನೆಟ್ ತೆಗೆಯಲು ಬಂದರೆ ಬೇಡ ಅನ್ನುತ್ತೇನೆ. ಗೋಣಿಚೀಲ ಹಾಸಿ, ಹಿಂದಿನ ಚಕ್ರದ ಹತ್ತಿರ ಅಂಗಾತ ಮಲಗಿ ಒಳಗೆ ಸರಿಯುತ್ತೇನೆ. ಹಿಂದಿನ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು, ಚೆಸ್ಸಿಗೆ ಬಂದು ಕೂಡುವ ಜಾಗ ಇದೆಯಲ್ಲ, ಶಾಕಲ್ ಎಂಬ ಕೊಂಡಿ ತೂಗುವ ಬ್ರಾಕೆಟ್ಟು, ಅಲ್ಲಿಂದ ಮುಂದಕ್ಕೆ ಒಂದೊಂದು ಗೇಣಿಗೆ ಒಂದೊಂದು ಏಟು ಹಾಕುತ್ತ ಬರುತ್ತೇನೆ. ಜೋರಾಗಿ ಅಲ್ಲ, ತೆಂಗಿನಕಾಯಿ ಬಲಿತಿದೆಯೋ ನೋಡಲು ಬಡಿಯುವಷ್ಟು. ಗಟ್ಟಿ ಕಬ್ಬಿಣ ‘ಟಣ್’ ಅನ್ನುತ್ತದೆ. ಒಳಗಿಂದ ಜಂಗು ತಿಂದ ಕಬ್ಬಿಣ ‘ಧಪ್’ ಅನ್ನುತ್ತದೆ, ಜೊತೆಗೆ ಮುಖದ ಮೇಲೆ ಕೆಂಪು ಹುಡಿ ಉದುರುತ್ತದೆ. ಕನ್ನಡಕ ಹಾಕಿಕೊಂಡೇ ಒಳಗೆ ಹೋಗಿ. ನಾನು ಒಮ್ಮೆ ಹಾಕಿಕೊಳ್ಳದೆ ಹೋಗಿ ಎರಡು ದಿನ ಕಣ್ಣಿಗೆ ಮದ್ದು ಬಿಟ್ಟುಕೊಂಡಿದ್ದೆ.

ಅಡ್ಡಪಟ್ಟಿ ಸೇರುವ ಮೂಲೆಗಳಲ್ಲಿ ಅರಿವೆಯಿಂದ ಕೆಸರು ಒರೆಸಿ ನೋಡಿ. ಕಂಪನಿಯ ಬೆಸುಗೆ ಒಂದೇ ಹದದಲ್ಲಿ ಹೋಗಿರುತ್ತದೆ. ಆಮೇಲೆ ಹಾಕಿದ ಬೆಸುಗೆ ಗಂಟುಗಂಟಾಗಿ, ಒಣಗಿದ ಗಾಯದ ಹಕ್ಕಳೆ ಹಾಗೆ ಇರುತ್ತದೆ. ಬೆಸುಗೆ ಇದ್ದ ಮಾತ್ರಕ್ಕೆ ಗಾಡಿ ಕೆಟ್ಟದ್ದಲ್ಲ. ಎಲ್ಲಿ ಇದೆ ಅನ್ನುವುದು ಮುಖ್ಯ. ಬಂಪರಿನ ಹತ್ತಿರ ಇದ್ದರೆ ಒಂದು ಮಾತು. ಎರಡೂ ಉದ್ದಪಟ್ಟಿಗೆ ನಡುವಿನಲ್ಲಿ ಒಂದೇ ಅಳತೆಗೆ ಬೆಸುಗೆ ಬಿದ್ದಿದ್ದರೆ, ಆ ಗಾಡಿಯನ್ನು ಯಾರೋ ಉದ್ದ ಮಾಡಿದ್ದಾರೆ ಇಲ್ಲವೇ ಗಿಡ್ಡ ಮಾಡಿದ್ದಾರೆ. ನಮ್ಮ ಕಡೆ ಇದು ಅಪರೂಪವೇನಲ್ಲ. ಮಹೀಂದ್ರಾ ಕಮಾಂಡರ್ ಜೀಪುಗಳು ವಡಾಪ, ಅಂದರೆ ಊರೂರಿಗೆ ಮಂದಿ ತುಂಬಿಕೊಂಡು ಬಾಡಿಗೆ, ಹೊಡೆಯುತ್ತಿದ್ದ ಕಾಲ ನಿಮಗೆ ನೆನಪಿರಬೇಕು. ಹತ್ತು ಸೀಟಿನ ಗಾಡಿಯಲ್ಲಿ ಇಪ್ಪತ್ತೆರಡು ಮಂದಿ, ಟಾಪಿನ ಮೇಲೆ ಎರಡು ಆಡು. ವಡಾಪ ನಿಂತ ಮೇಲೆ ಅಂಥ ಎಷ್ಟೋ ಜೀಪುಗಳನ್ನು ಕತ್ತರಿಸಿ, ಗಿಡ್ಡ ಮಾಡಿ, ಅಗಲ ಟೈರು ಹಾಕಿ, ‘ಕ್ಲಾಸಿಕ್’ ಅಂತ ಮಾರಿದರು. ಕತ್ತರಿಸಿದ ಚೆಸ್ಸಿಗೆ ನಾನು ಗುಜರಿ ಬೆಲೆಗಿಂತ ಮೇಲೆ ಬರೆದದ್ದಿಲ್ಲ. ಇದರಲ್ಲಿ ನಾನು ಸ್ವಲ್ಪ ಕಟುವೇ.

ಜಂಗಿನ ವಿಷಯಕ್ಕೆ ಬಂದರೆ, ಗಾಡಿ ಯಾವ ಊರಲ್ಲಿ ಬಾಳಿತು ಅನ್ನುವುದು ಎಷ್ಟು ಕಿಲೋಮೀಟರ್ ಓಡಿತು ಅನ್ನುವುದಕ್ಕಿಂತ ದೊಡ್ಡದು. ಹೇಗೂ ಮೀಟರ್ ಕೇಬಲ್ ಯಾವಾಗ ತುಂಡಾಯಿತೋ ಯಾರಿಗೂ ಗೊತ್ತಿರುವುದಿಲ್ಲ. ಚೋರ್ಲಾ ಘಾಟ್ ಹತ್ತಿ ಗೋವಾದಿಂದ ಬಂದ ಜಿಪ್ಸಿ ಮೇಲಿಂದ ಮದುಮಗನ ಹಾಗೆ ಇರುತ್ತದೆ. ಸಮುದ್ರದ ಉಪ್ಪುಗಾಳಿ ಅದರ ನೆಲದ ಪತ್ರಾ, ಹಿಂದಿನ ಚಕ್ರದ ಕಮಾನು, ಹಿಂಬಾಗಿಲಿನ ಕೆಳಗಿನ ಅಂಚು ತಿಂದು ಮುಗಿಸಿರುತ್ತದೆ. ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆಯ ಗಾಡಿಗೆ ಉಪ್ಪಿಲ್ಲ, ಆದರೆ ನಾಲ್ಕು ತಿಂಗಳು ಮಳೆ ಇದೆ. ಚೆಸ್ಸಿಯ ಒಳಗೆ ಕೆಂಪು ಮಣ್ಣು ಹೊಕ್ಕು ದೀಪಾವಳಿವರೆಗೂ ಹಸಿಯಾಗಿ ಕೂತಿರುತ್ತದೆ. ವಿಜಯಪುರ, ಇಂಡಿ ಕಡೆಯ ಗಾಡಿ ನೋಡಿ, ಬಣ್ಣ ಬಿಸಿಲಿಗೆ ಸುಣ್ಣದ ಹಾಗಾಗಿರುತ್ತದೆ, ರಬ್ಬರ್ ಎಲ್ಲ ಬಿರುಕು ಬಿಟ್ಟಿರುತ್ತದೆ, ಹುಡ್‌ನ ಬಟ್ಟೆ ಕೈಯಲ್ಲಿ ಹಿಡಿದರೆ ಹಪ್ಪಳ. ಆದರೆ ಕೆಳಗೆ ಸುತ್ತಿಗೆ ಹಾಕಿದರೆ ಕೊನೆತನಕ ‘ಟಣ್ ಟಣ್’. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಹತ್ತರಲ್ಲಿ ಒಂಬತ್ತು ಮಂದಿ ಗೋವಾದ ಗಾಡಿಗೆ ಹೆಚ್ಚು ಕೊಡುತ್ತಾರೆ. ನಾನು ಕಣ್ಣು ಮುಚ್ಚಿ ವಿಜಯಪುರದ ಕೆಎ 28 ಹಿಡಿಯುತ್ತೇನೆ.

ಇನ್ನೊಂದು, 2019ರ ಆಗಸ್ಟ್. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಮ್ಮೆಲೇ ಉಕ್ಕಿದ ತಿಂಗಳು. ಅಥಣಿ, ಚಿಕ್ಕೋಡಿ, ಜಮಖಂಡಿ, ಗೋಕಾಕ ಕಡೆ ನೀರಲ್ಲಿ ನಿಂತ ಗಾಡಿಗಳು ಆಮೇಲೆ ಎಲ್ಲೆಲ್ಲಿಗೋ ಹೋದವು. ಆ ಕಡೆಯ ಗಾಡಿ ಎಂದರೆ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ ವಯರಿನ ಗಂಟು ಮುಟ್ಟಿ ನೋಡಿ. ಬೆರಳಿಗೆ ಮೈದಾಹಿಟ್ಟಿನಂಥ ನಯವಾದ ಮಣ್ಣು ಹತ್ತಿದರೆ, ಮಾಲೀಕರು ಏನೇ ಹೇಳಲಿ, ನದಿ ಒಳಗೆ ಬಂದು ಹೋಗಿದೆ.

ಎಂಜಿನ್ ಮಾದರಿಗಳ ಮಾತು ಬೇಗ ಮುಗಿಸುತ್ತೇನೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಹೀಂದ್ರಾದವರು ವಿಲ್ಲಿಸ್ ಜೀಪು ಜೋಡಿಸಲು ಹಿಡಿದದ್ದು 1940ರ ದಶಕದ ಕೊನೆಗೆ, ಮುಂಬೈಯಲ್ಲಿ. ಎತ್ತರ ಬಾನೆಟ್ಟಿನ ಸಿಜೆ 3ಬಿ ಬಂದಾಗ ಅದರೊಳಗೆ ಇದ್ದದ್ದು 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್. ಆ ಎಂಜಿನ್ ಎತ್ತರ ಇದ್ದುದರಿಂದಲೇ ಬಾನೆಟ್ ಎತ್ತರವಾದದ್ದು. ಆಮೇಲೆ ಟ್ರ್ಯಾಕ್ಟರಿನ ವಂಶದ ಡೀಸೆಲ್, ಎಂಎಂ 540ಕ್ಕೆ ಬರುವ ಹೊತ್ತಿಗೆ 2,112 ಸಿಸಿಯ ಪ್ಯೂಜೋ ಡೀಸೆಲ್. ಜಿಪ್ಸಿ 1985ರ ಕೊನೆಗೆ 970 ಸಿಸಿಯಲ್ಲಿ ಬಂತು, 1996ರಲ್ಲಿ 1.3 ಲೀಟರ್ ಆಯಿತು, 2000ದಲ್ಲಿ ಕಾರ್ಬುರೇಟರ್ ಹೋಗಿ ಪೆಟ್ರೋಲನ್ನು ಒಳಗೆ ಚಿಮ್ಮಿಸುವ ಎಂಪಿಎಫ್‌ಐ ಬಂತು. ಸಾಮಾನ್ಯರಿಗೆ ಅದರ ಮಾರಾಟ ನಿಂತ ಮೇಲೆ, 2019ರಿಂದ ಈಚೆಗೆ, ಜಿಪ್ಸಿ ಇದ್ದವರ ಮೀಸೆಯೇ ಬೇರೆ. 2023ರಲ್ಲಿ ಮಾರುತಿಯದೇ ಜಿಮ್ನಿ ಬಂದರೆ ಹಳೆಯದರ ಬೆಲೆ ಬೀಳುತ್ತದೆ ಎಂದು ನಾನೇ ಇಬ್ಬರಿಗೆ ಹೇಳಿದ್ದೆ. ಬೀಳಲಿಲ್ಲ. ಆ ಇಬ್ಬರೂ ಇಲ್ಲಿ ಬಂದಿಲ್ಲ ಅಂದುಕೊಂಡಿದ್ದೇನೆ.

ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ವ್ಯವಸ್ಥೆ, ಇದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ಬಾಯಿಮಾತಿನಲ್ಲಿ ನಂಬಬೇಡಿ. ಒಳಗೆ ಎರಡು ಲಿವರ್ ಇದ್ದರೆ ಫೋರ್ ಬೈ ಫೋರ್ ಇದೆ ಅಂತ ಅರ್ಥವಲ್ಲ. ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಜಾಯಿಂಟ್ ಶಾಫ್ಟ್ ಬಿಚ್ಚಿ ಗುಜರಿಗೆ ಹಾಕಿ, ಲಿವರ್ ಹಾಗೇ ಬಿಟ್ಟ ಜೀಪು ಎಷ್ಟೋ ನೋಡಿದ್ದೇನೆ. ಕೆಳಗೆ ಮಲಗಿದಾಗಲೇ ಮುಂದಿನ ಶಾಫ್ಟ್ ಇದೆಯಾ ನೋಡಿ. ಆಮೇಲೆ ಓಡಿಸಿ ನೋಡುವುದು ಮಣ್ಣಿನಲ್ಲಿ, ಡಾಂಬರಿನ ಮೇಲಲ್ಲ. ಈ ಗಾಡಿಗಳಿಗೆ ನಡುವೆ ಡಿಫರೆನ್ಷಿಯಲ್ ಇಲ್ಲ, ಅಂದರೆ ಮುಂದಿನ, ಹಿಂದಿನ ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಇಲ್ಲ. ಮುಂದಿನ ಚಕ್ರ ತಿರುವಿನಲ್ಲಿ ಹೆಚ್ಚು ದೂರ ಉರುಳಬೇಕು, ಹಿಂದಿನದು ಕಡಿಮೆ; ಮಣ್ಣಿನಲ್ಲಾದರೆ ಚಕ್ರ ಜಾರಿ ಸರಿಮಾಡಿಕೊಳ್ಳುತ್ತದೆ, ಡಾಂಬರಿನ ಮೇಲೆ ಜಾರಲು ಬರುವುದಿಲ್ಲ, ಒಳಗೇ ಬಿಗಿದುಕೊಂಡು ಗೇರುಗಳನ್ನು ಹಿಂಡುತ್ತದೆ. ಶೋಕಿಗೆ ಕಾಲೇಜ್ ರೋಡಿನಲ್ಲಿ ಫೋರ್ ಬೈ ಫೋರ್ ಹಾಕಿ ತಿರುಗಿಸಿ ತೋರಿಸುವ ಮಾಲೀಕರ ಗಾಡಿ ಇದ್ದರೆ, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಎಂದು ಒಂದಷ್ಟು ಹಣ ಬೆಲೆಯಲ್ಲೇ ಹಿಡಿದುಬಿಡಿ. ನನ್ನ ಪರೀಕ್ಷೆಯ ಮೈದಾನ ಎಂದರೆ ನೇಗಿಲು ಹೊಡೆದ ಎರೆಹೊಲ. ಲೋ ಗೇರಿನಲ್ಲಿ ಹಾಕಿ ನಿಧಾನ ಹತ್ತಿಸಿ. ಲಿವರ್ ಹೊರಗೆ ಹಾರಿ ನ್ಯೂಟ್ರಲ್‌ಗೆ ಬಂದರೆ ಗೇರು ಸವೆದಿದೆ. ಮುಂದಿನ ಚಕ್ರದ ಒಳಮಗ್ಗುಲಲ್ಲಿ, ತಿರುವುವ ಗುಂಡಿನ ಮೇಲೆ, ಕಪ್ಪು ಗ್ರೀಸು ಇಳಿದಿದ್ದರೆ ಸೀಲು ಹೋಗಿದೆ, ಒಳಗೆ ಧೂಳು ಹೊಕ್ಕಿದೆ. ಇವೆಲ್ಲ ಬಿಚ್ಚಿ ಹಾಕುವಂಥವು. ಮಿಸ್ತ್ರಿ ಹತ್ತಿರ ಖರ್ಚು ಬರೆಸಿಕೊಂಡು ಬೆಲೆಯಲ್ಲಿ ಕಳೆಯಿರಿ, ಅಷ್ಟೇ.

ಈಗ ಕಾಗದ. ಇದನ್ನು ಹೇಳುವಾಗ ನನ್ನ ಮರ್ಯಾದೆಯನ್ನು ಸ್ವಲ್ಪ ಬದಿಗಿಡಬೇಕು.

2011ರಲ್ಲಿ ಗೋಕಾಕದ ಕಡೆ ಒಂದು ಜೀಪು ನೋಡಿದೆ. ಕಂಪನಿಗಲ್ಲ, ನನಗೇ. ಹಿಂದೆ ‘ಲೆಫ್ಟ್ ಹ್ಯಾಂಡ್ ಡ್ರೈವ್’ ಎಂದು ಬಿಳಿ ಅಕ್ಷರದಲ್ಲಿ ಬರೆದಿತ್ತು, ಗಾಜು ಮುಂದಕ್ಕೆ ಮಡಚುತ್ತಿತ್ತು, ಚೆಸ್ಸಿ ‘ಟಣ್’ ಅನ್ನುತ್ತಿತ್ತು. ಆರ್‌ಸಿ ಬುಕ್ಕಿನಲ್ಲಿ ಇಂಧನ: ಪೆಟ್ರೋಲ್. ಬಾನೆಟ್ ಕೆಳಗೆ: ಡೀಸೆಲ್. ಕಬ್ಬಿನ ಸೀಮೆಯಲ್ಲಿ ಇದು ಮನೆಮನೆಯ ಕಥೆ. ಪೆಟ್ರೋಲ್ ತುಟ್ಟಿಯಾದಾಗ ಎಲ್ಲರೂ ಡೀಸೆಲ್ ಎಂಜಿನ್ ಕೂರಿಸಿದರು, ಕಾಗದದಲ್ಲಿ ಬದಲಿಸಿಕೊಂಡವರು ಕಡಿಮೆ. ಕಂಡಿತು, ಗೊತ್ತಾಯಿತು, ಆದರೂ ಕೊಂಡೆ. ಇಪ್ಪತ್ತು ವರ್ಷ ಬೇರೆಯವರಿಗೆ ಬುದ್ಧಿ ಹೇಳಿದವನು. ನೋಂದಣಿ ನವೀಕರಣಕ್ಕೆ ಆರ್‌ಟಿಒಗೆ ಒಯ್ದಾಗ ಎಂಜಿನ್ ನಂಬರು ತಾಳೆಯಾಗಲಿಲ್ಲ, ಇಂಧನ ತಾಳೆಯಾಗಲಿಲ್ಲ. ಆ ಎಂಜಿನ್ ಎಲ್ಲಿಂದ ಬಂತು ಎಂಬ ಬಿಲ್ಲು ತನ್ನಿ ಅಂದರು. ಕೂರಿಸಿದ ಮಿಸ್ತ್ರಿ ತೀರಿಕೊಂಡು ಎಂಟು ವರ್ಷವಾಗಿತ್ತು. ಆರ್‌ಟಿಒದವರು ಕೇಳಿದ್ದು ನ್ಯಾಯವೇ. ಎರಡು ಮಳೆಗಾಲ ಜೀಪು ನಮ್ಮ ಹಿತ್ತಲಲ್ಲಿ ನಿಂತಿತು. ಕೋಳಿ ಮೊಟ್ಟೆ ಇಟ್ಟಿತು ಅದರೊಳಗೆ. ಕೊನೆಗೆ ಬಿಡಿಭಾಗದ ಲೆಕ್ಕದಲ್ಲಿ ಕೊಂಡದ್ದರ ಅರ್ಧಕ್ಕೆ ಕೊಟ್ಟೆ.

ಕಾನೂನು ಆಮೇಲೆ ಇನ್ನೂ ಬಿಗಿಯಾಯಿತು. ಗಾಡಿಯ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮೊದಲಿನಿಂದಲೂ ಇತ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ ಎಂದು ಗಟ್ಟಿಯಾಗಿ ಹೇಳಿತು. ಹಾಗಾಗಿ ಪಂಜಾಬಿನ ಗಡಿಯ ಮಂಡಿ ದಬ್ವಾಲಿಯಿಂದ ಲಾರಿ ಮೇಲೆ ಬರುವ ಮಿರಿಮಿರಿ ಜೀಪುಗಳ ವಿಷಯದಲ್ಲಿ ಗಾಡಿಗಿಂತ ಮೊದಲು ಆರ್‌ಸಿ ನೋಡಿ. ಅಲ್ಲಿನವರ ಕೈಕೆಲಸ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನಾಳೆ ನಿಮ್ಮ ಹೆಸರಿಗೆ ಆಗುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ.

ಪೆನ್ಸಿಲ್ಲು, ಕಾಗದ ಒಯ್ಯುವುದು ಇದಕ್ಕೇ. ಚೆಸ್ಸಿಯ ಮೇಲೆ ನಂಬರು ಒತ್ತಿದ ಜಾಗವನ್ನು ಅರಿವೆಯಿಂದ ಒರೆಸಿ, ತೆಳು ಕಾಗದ ಇಟ್ಟು, ಪೆನ್ಸಿಲ್ಲನ್ನು ಅಡ್ಡಕ್ಕೆ ಹಿಡಿದು ತಿಕ್ಕಿ. ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಆರ್‌ಟಿಒ ಕೆಲಸಕ್ಕೆ ಪ್ರಿಂಟ್ ತೆಗೆಯುವುದೂ ಹೀಗೆಯೇ. ಅಂಕಿಗಳ ನಡುವಿನ ಅಂತರ ನೋಡಿ, ಆಳ ನೋಡಿ, ಸುತ್ತ ಗ್ರೈಂಡರ್ ಆಡಿಸಿದ ಗೆರೆಗಳಿವೆಯೇ ನೋಡಿ. ಕಣ್ಣಿಗೆ ಕಾಣದ ಗೆರೆ ಕಾಗದದಲ್ಲಿ ಕಾಣುತ್ತದೆ. ಒಂದು ಅಂಕಿ ಅನುಮಾನ ಬಂದರೂ ಚಹಾ ಕುಡಿದು ನಮಸ್ಕಾರ ಹೇಳಿ ಎದ್ದು ಬನ್ನಿ.

ನಮ್ಮ ಜಿಲ್ಲೆಗೆ ಗಡಿ ಬೇರೆ ಇದೆ. ಕೊಲ್ಹಾಪುರದ ಎಂಎಚ್ 09, ಸಾಂಗಲಿಯ ಎಂಎಚ್ 10 ಗಾಡಿಗಳು ಇಲ್ಲಿ ಅಗ್ಗಕ್ಕೆ ಕಾಣುತ್ತವೆ. ಎನ್‌ಒಸಿ ತರಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು, ನಂಬರು ಬದಲಿಸಬೇಕು, ಹಳೇ ಬ್ಯಾಂಕಿನ ಸಾಲ ಆರ್‌ಸಿಯಲ್ಲಿ ಇನ್ನೂ ಕೂತಿದ್ದರೆ ಅದನ್ನು ತೆಗೆಸಬೇಕು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ನವೀಕರಣ ಇನ್ನೂ ನಾಲ್ಕು ವರ್ಷ ಉಳಿದಿರುವ ಗಾಡಿಗೂ ಹೋದ ತಿಂಗಳು ಮುಗಿದ ಗಾಡಿಗೂ ನಾನು ಒಂದೇ ಬೆಲೆ ಹೇಳುವುದಿಲ್ಲ. ವ್ಯತ್ಯಾಸ ಶುಲ್ಕದ್ದಲ್ಲ, ಪಾಸಾಗುತ್ತದೋ ಇಲ್ಲವೋ ಎಂಬ ಗುಮಾನಿಯದು.

ಐವತ್ತು ವರ್ಷ ದಾಟಿದ ಜೀಪು ಯಾರ ಬಳಿಯಾದರೂ ಇದ್ದರೆ ವಿಂಟೇಜ್ ನೋಂದಣಿಗೆ 2021ರಲ್ಲಿ ನಿಯಮ ಬಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ದಿನಬಳಕೆಗೆ ಓಡಿಸುವಂತಿಲ್ಲ. ಚೆಸ್ಸಿ, ಬಾಡಿ, ಎಂಜಿನ್ ಮೂಲದ್ದೇ ಇರಬೇಕು. ಡೀಸೆಲ್ ಕೂರಿಸಿದವರಿಗೆ ಅಲ್ಲೂ ಬಾಗಿಲು ಹಾಕಿದೆ. ಅಂದು ಬಿಚ್ಚಿದ ಹರಿಕೇನ್ ಎಂಜಿನ್ನನ್ನು ಗುಜರಿಗೆ ಹಾಕದೆ ಅಟ್ಟದ ಕೆಳಗೆ ಇಟ್ಟವರು ಇದ್ದರೆ ದಯವಿಟ್ಟು ಅದನ್ನು ಕಿಲೋ ಲೆಕ್ಕದಲ್ಲಿ ಮಾರಬೇಡಿ.

ಮಿಲಿಟರಿ ಜಿಪ್ಸಿ ಬಗ್ಗೆ ಕೇಳಿಯೇ ಕೇಳುತ್ತೀರಿ. ಮರಾಠಾ ರೆಜಿಮೆಂಟಿನ ಊರಲ್ಲಿ ಇದ್ದು ಕೇಳದಿದ್ದರೆ ಹೇಗೆ. ಸೈನ್ಯದ ನಂಬರು ಮೇಲ್ಮುಖದ ಬಾಣದಿಂದ ಶುರುವಾಗುತ್ತದೆ, ಅದರ ನಂತರದ ಎರಡು ಅಂಕಿ ವರ್ಷ. ಹರಾಜಿನಲ್ಲಿ ಬಿಟ್ಟ ಗಾಡಿಗೆ ಹರಾಜಿನ ಕಾಗದ ಪೂರ್ತಿ ಇದ್ದು, ಆರ್‌ಟಿಒದಲ್ಲಿ ನೋಂದಣಿ ಆಗಿ ಕೆಎ ನಂಬರು ಬಂದಿದ್ದರೆ ಒಳ್ಳೆಯದೇ. ‘ಕಾಗದ ಆಮೇಲೆ ಕೊಡ್ತೀನಿ’ ಅಂದರೆ ಆಮೇಲೆ ದುಡ್ಡು ಕೊಡಿ. ಸೈನ್ಯದವರು ಎಣ್ಣೆ, ಗ್ರೀಸು ತಪ್ಪಿಸುವುದಿಲ್ಲ, ಆದರೆ ಆ ಗಾಡಿ ಲಡಾಖ್‌ನಲ್ಲಿ ಇತ್ತೋ ಮರುಭೂಮಿಯಲ್ಲಿ ಇತ್ತೋ ನಿಮಗೆ ಯಾರೂ ಹೇಳುವುದಿಲ್ಲ. ಮತ್ತೆ ಗೋಣಿಚೀಲವೇ ಗತಿ. ಹೊರಗೆ ಹಸಿರು ಬಣ್ಣ ಬಳಿದು ‘ಎಕ್ಸ್-ಆರ್ಮಿ’ ಅನ್ನುವ ಗಾಡಿಗಳಿಗೆ ನಾನು ಬಣ್ಣದ ಖರ್ಚನ್ನೂ ಸೇರಿಸುವುದಿಲ್ಲ. ಸೈನ್ಯದ ಹಸಿರನ್ನು ಖಾಸಗಿ ಗಾಡಿಗೆ ಬಳಿಯುವುದಕ್ಕೆ ನಿಷೇಧ ಇದೆ. ಅದನ್ನು ತೆಗೆಸುವ ಖರ್ಚು ಕಳೆಯುತ್ತೇನೆ.

ಕೊಳ್ಳುವವರು ಯಾರು ಅನ್ನುವುದೂ ಬೆಲೆಯೇ. ಕೊಡಗು, ಸಕಲೇಶಪುರದ ತೋಟದವರಿಗೆ ಬಣ್ಣ ಬೇಡ, ಲೋ ಗೇರು ಬೇಕು. ಬೆಂಗಳೂರಿನವರಿಗೆ ಕಾಗದ ಶುದ್ಧ ಬೇಕು, ಉಳಿದದ್ದನ್ನು ಅವರೇ ಮಾಡಿಸಿಕೊಳ್ಳುತ್ತಾರೆ. ಮದುವೆ ಮೆರವಣಿಗೆಗೆ, ಫೋಟೋ ಶೂಟಿಗೆ ಬಾಡಿಗೆ ಬಿಡುವವರಿಗೆ ಗಾಡಿ ಓಡದಿದ್ದರೂ ನಡೆಯುತ್ತದೆ, ತಳ್ಳಲು ನಾಲ್ಕು ಹುಡುಗರಿದ್ದರೆ ಸಾಕು. ಒಂದೇ ಗಾಡಿಗೆ ಈ ಮೂವರ ಬೆಲೆ ಮೂರು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಬೈಲಹೊಂಗಲದ ಹುಡುಗನೊಬ್ಬ ಎದ್ದು, "ಸರ್, ಹಂಗಾದ್ರ ಬರ್ರಿ, ನಂದs ಮಲಗಿ ನೋಡ್ರಿ" ಅಂದ. ಎಲ್ಲರೂ ಹೊರಗೆ ಬಂದೆವು. ಅವರ ಅಪ್ಪ ಕೊಂಡ ಎಂಎಂ 540. ಗೋಣಿಚೀಲ ಅಂದು ತಂದಿರಲಿಲ್ಲ, ಯಾರೋ ಯೋಗಾ ಮ್ಯಾಟ್ ಕೊಟ್ಟರು. ಬಲಗಡೆ ಕೊನೆತನಕ ‘ಟಣ್’. ಎಡಗಡೆ ಹಿಂದಿನ ಬ್ರಾಕೆಟ್ಟಿನ ಮೇಲೆ ಒಂದು ಗೇಣು ಜಾಗ ‘ಧಪ್’. ಪ್ರಿಂಟ್ ತೆಗೆದೆವು, ಅಂಕಿಗಳು ಅಚ್ಚುಕಟ್ಟು. ಆರ್‌ಸಿಯಲ್ಲಿ ಡೀಸೆಲ್, ಎಂಜಿನ್ ನಂಬರೂ ಅದೇ. ಪಾಸಿಂಗ್, ಅಂದರೆ ನೋಂದಣಿಯ ಅವಧಿ, ಮಾತ್ರ ಮುಗಿದು ಮೂರು ವರ್ಷ.

ಇದ್ದ ಹಾಗೆ ಎರಡು ಲಕ್ಷದ ಒಳಗೆ, ಬೆಸುಗೆ ಮತ್ತು ಪಾಸಿಂಗ್ ಆದ ಮೇಲೆ ಮೂರರ ಮೇಲೆ ಅಂದೆ.

"ಪಾಸಿಂಗ್ ಮೊದಲ ಮಾಡಿಸ್ಲ್ಯೋ, ವೆಲ್ಡಿಂಗ್ ಮೊದಲ ಮಾಡಿಸ್ಲ್ಯೋ ಸರ್?"

"ವೆಲ್ಡಿಂಗ್ ಮೊದಲ. ತೂತ ಬಿದ್ದಿದ್ದ ಜಾಗಾ ಪ್ಲೇಟ್ ಹಾಕೂಕಿಂತ ಮೊದಲ ಫೋಟೋ ತಗದಿಡು, ಹಾಕಿದ ಮ್ಯಾಲೂ ತಗದಿಡು. ತಗೊಳ್ಳಾಕ ಬಂದವ್ರಿಗೆ ನೀನs ತೋರ್ಸು. ಪೇಂಟ್ ಮಾತ್ರ ಮಾಡಿಸಬ್ಯಾಡ, ನಿಮ್ಮಪ್ಪಾರು ಹೊಡಿಸಿದ್ದು ಹಂಗs ಇರ್ಲಿ."